ಮಾಮನ ಬಲಬದಿ

ದೋಹಾದ ಅಲ್ ಸದ್ದ್‌ನಲ್ಲಿ ನಾವಿರುವ ಕಟ್ಟಡದ ಕೆಳಗೆ ಒಂದು ಟೈಲರ್ ಅಂಗಡಿ ಇದೆ. ಬಾಗಿಲು ತಳ್ಳಿದರೆ ಮೊದಲು ಎಸಿಯ ತಂಪು, ಅದರ ಬೆನ್ನಿಗೇ ಹೊಲಿಗೆ ಮಿಶಿನ್ನಿನ ಎಣ್ಣೆಯ ವಾಸನೆ. ಮೊನ್ನೆ ಸಂಜೆ ನಮ್ಮವರಿಗೆ ಶರ್ಟ್ ಹೊಲಿಸಲೆಂದು ಬಟ್ಟೆ ಹಿಡಿದುಕೊಂಡು ಹೋದೆ. ಸೊಂಟದ ಹತ್ತಿರ ಚೆನ್ನಾಗಿ ಸಡಿಲ ಇರಬೇಕು, ಉದ್ದವೂ ಸ್ವಲ್ಪ ಹೆಚ್ಚಿರಬೇಕು, ಇನ್‌ಶರ್ಟ್ ಮಾಡುವುದಿಲ್ಲ ಎಂದು ಅವರು ಹೇಳಿಕೊಟ್ಟದ್ದನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಒಪ್ಪಿಸಿದೆ. ಟೈಲರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಸಾಬ್ ಕಾ ಪೇಟ್ ಬಢ್ ಗಯಾ ಕ್ಯಾ?" ಎಂದು ಕೇಳಿದ. ಹೌದು, ಹೊಟ್ಟೆ ಬಂದಿದೆ ಎಂದೆ. ಮತ್ತೇನು ಹೇಳಲಿ, ನೀವೇ ಹೇಳಿ. ನನ್ನ ಗಂಡ ಸೊಂಟದಲ್ಲಿ ಪಿಸ್ತೂಲು ಅಡಗಿಸುವ ತಯಾರಿಯಲ್ಲಿದ್ದಾರೆ ಎಂದು ದೋಹಾದ ಮಧ್ಯದಲ್ಲಿ ನಿಂತು ಹೇಳಲಾಗುತ್ತದೆಯೇ?

ಹೆದರಬೇಡಿ, ಪಿಸ್ತೂಲು ಇಲ್ಲ. ಈ ದೇಶದಲ್ಲಿ ನಮ್ಮಂಥವರು ಅದರ ಕನಸೂ ಕಾಣುವ ಹಾಗಿಲ್ಲ. ಇರುವುದು ಒಂದು ರಟ್ಟು. ನಮ್ಮವರು ಕಟ್ಟಡದ ಕಂಪೆನಿಯೊಂದರ ಸ್ಟೋರಿನಲ್ಲಿ ಕೂತು ಬದುಕಿಡೀ ಬೇರೆಯವರ ಕಬ್ಬಿಣ, ಸಿಮೆಂಟು ಕಾದವರು. ಬರುವ ಬೇಸಗೆಗೆ ಇಲ್ಲಿಯ ಕೆಲಸ ಖಲಾಸ್, ನಾವು ಊರಿಗೆ ಹೊರಡುವವರು. ಮಂಗಳೂರಿನ ಹೊರಗೆ ಮನೆ ಕಟ್ಟಿಸಿದ್ದೇವೆ, ಸುತ್ತಮುತ್ತ ಇನ್ನೂ ಖಾಲಿ ಸೈಟುಗಳೇ. ಆ ಕಡೆ ಯಾರದೋ ಮನೆಗೆ ಕಳ್ಳರು ನುಗ್ಗಿ ಮನೆಯವರನ್ನು ಕಟ್ಟಿಹಾಕಿದರಂತೆ ಎಂದು ನಾದಿನಿ ವಾಟ್ಸಾಪಿನಲ್ಲಿ ವಾಯ್ಸ್ ಹಾಕಿದ್ದೇ ಹಾಕಿದ್ದು, ಇವರಿಗೆ ನೆಮ್ಮದಿ ಹೋಯಿತು. ಗಲ್ಫಿನಿಂದ ಬಂದವರ ಮನೆಯಲ್ಲಿ ಚಿನ್ನ ಇದ್ದೇ ಇರುತ್ತದೆ ಎಂದು ಊರಿಗೆಲ್ಲ ನಂಬಿಕೆ. ಹಾಗಾಗಿ ಊರಿಗೆ ಹೋದ ಕೂಡಲೇ ಲೈಸೆನ್ಸಿಗೆ ಅರ್ಜಿ ಎಂದು ಇವರ ತೀರ್ಮಾನ. ಯಾವುದು ಹಗುರ, ಯಾವುದು ಚಪ್ಪಟೆ, ಯಾವುದು ಅಂಗಿಯೊಳಗೆ ಗೊತ್ತಾಗುವುದಿಲ್ಲ ಎಂದು ದಿನವೂ ವಿಡಿಯೋ ನೋಡುವುದು. ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟಿನಲ್ಲಿ ಒಂದೊಂದರ ಅಳತೆಗೂ ಒಂದೊಂದು ಕತ್ತರಿಸಿ, ಪದರ ಪದರ ಅಂಟಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ತಿರುಗುವುದು. ಜಿರಳೆ ಕಂಡರೆ ನನ್ನನ್ನು ಕರೆಯುವ ಮನುಷ್ಯ.

ಅವತ್ತು ಸಂಜೆ ನನ್ನ ಕಡೆ ತಿರುಗಿ ಕೇಳಿದರು, "ಕಾಣ್ತದಾ?"

ಶರ್ಟಿನ ಬಟ್ಟೆ ಎತ್ತಿಕೊಂಡು ಕೆಳಗಿಳಿದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಮಾತ್ರ ಗೊತ್ತಾಯಿತು, ಆ ಪ್ರಶ್ನೆಯನ್ನು ನಾನು ಮೊದಲೇ ಎಲ್ಲಿ ಕೇಳಿದ್ದೆ ಎಂದು.

ಪಾಸ್ಕಲ್ ಮಾಮ ನನ್ನ ಅಮ್ಮನ ಅಣ್ಣ. ಹೆದ್ದಾರಿಯಲ್ಲಿ ಅವರದೊಂದು ಪೆಟ್ರೋಲ್ ಬಂಕ್ ಇತ್ತು. ಒಂದು ಸಂಜೆ ಬಂಕಿನಿಂದ ಮನೆಗೆ ಬರುವಾಗ ಯಾರೋ ಹಿಂದಿನಿಂದ ತಲೆಗೆ ಹೊಡೆದು ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಹೋದರು. ತಲೆಯ ಹೊಲಿಗೆ ಬೇಗನೆ ಮಾಗಿತು, ಮೇಲೆ ಕೂದಲೂ ಬಂತು. ಹೆದರಿಕೆ ಮಾತ್ರ ಮಾಗಲಿಲ್ಲ. ಡಿಸಿ ಆಫೀಸಿಗೂ ಪೊಲೀಸ್ ಸ್ಟೇಷನ್ನಿಗೂ ಚಪ್ಪಲಿ ಸವೆಸಿ ಕೊನೆಗೆ ಲೈಸೆನ್ಸ್ ಮಾಡಿಸಿಕೊಂಡರು.

ರಿವಾಲ್ವರ್ ಆರಿಸಲು ಬೆಂಗಳೂರಿಗೆ ಹೋಗುವಾಗ ಮಾಮ ಜತೆಗೆ ಸಿಸಿಲಿಯಾ ಮಾಮಿಯನ್ನೂ ಕರೆದುಕೊಂಡು ಹೋದರು. ಸೀರೆ ಕೊಡಿಸಲಿಕ್ಕಲ್ಲ, ಕನ್ನಡಿಯ ಕೆಲಸಕ್ಕೆ. ಈ ಕಥೆಯನ್ನು ಮಾಮಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಅಂಗಡಿಯವರು ಒಂದೊಂದಾಗಿ ಮೇಜಿನ ಮೇಲೆ ಇಟ್ಟರಂತೆ. ಪಿಸ್ತೂಲು ಚಪ್ಪಟೆ, ಚೆನ್ನಾಗಿ ಅಡಗುತ್ತದೆ, ಆದರೆ ಕೈ ಪಳಗಬೇಕು. ರಿವಾಲ್ವರಿಗೆ ಹೊಟ್ಟೆ ಇದೆ, ಆದರೆ ಸಾಧು, ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಒತ್ತಿದರಾಯಿತು. ತನ್ನ ಕೈಯ ಮೇಲೆ ತನಗೇ ಭರವಸೆ ಇಲ್ಲದ ಮಾಮ ರಿವಾಲ್ವರಿಗೇ ಒಪ್ಪಿದರು. ಆಮೇಲೆ ಯಾವ ಗಾತ್ರದ್ದು ಎಂಬುದಕ್ಕೆ ಮಾಮಿಯ ಪರೀಕ್ಷೆ. ಮಾಮ ಸೊಂಟಕ್ಕೆ ಸಿಕ್ಕಿಸಿಕೊಂಡು ಶರ್ಟ್ ಇಳಿಬಿಡುವುದು, ನಡೆಯುವುದು, ಕೂರುವುದು, ಬಿದ್ದ ಚಿಲ್ಲರೆ ಹೆಕ್ಕುವವರ ಹಾಗೆ ಬಗ್ಗುವುದು.

"ಕಾಣ್ತದಾ?"

"ಕಾಣ್ತದೆ. ಎಳನೀರು ಕದ್ದು ತಂದ ಹಾಗೆ ಉಂಟು."

ಮತ್ತೊಂದು. "ಈಗ?" "ಈಗಲೂ ಕಾಣ್ತದೆ." ಹೀಗೆ ಮಧ್ಯಾಹ್ನದ ಊಟದ ಹೊತ್ತೂ ಮೀರಿತು. ಮಾಮಿಯ ಕಾಲು ಸೋತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಕೊನೆಗೆ ಎಲ್ಲಕ್ಕಿಂತ ಗಿಡ್ಡದ್ದೊಂದು ಬಂದಾಗ ಸರಿಯಾಗಿ ನೋಡದೆಯೇ "ಇಲ್ಲ" ಎಂದುಬಿಟ್ಟರಂತೆ. ಕಥೆ ಅಲ್ಲಿಗೆ ಬಂದಾಗ ಕೇಳುವವರೆಲ್ಲ ನಗುತ್ತಿದ್ದರು. ಮಾಮಿಯೂ ನಗುತ್ತಿದ್ದರು, ಆದರೆ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಆ ಒಂದು ಇಲ್ಲ ನಾನು ಹೇಳಬಾರದಿತ್ತು."

ಮಾಮನ ಶರ್ಟುಗಳನ್ನೆಲ್ಲ ಅಂದಿನಿಂದ ಮಾಮಿಯೇ ಹೊಲಿದರು, ದೊಗಳೆಯಾಗಿ. ಮಾಮಿಯ ಹೊಲಿಗೆ ಮಿಶಿನ್ನಿಗೆ ಉದ್ದ ಮೂತಿಯ ಒಂದು ಎಣ್ಣೆ ಕ್ಯಾನ್ ಇತ್ತು. ಅದೇ ಎಣ್ಣೆ ರಿವಾಲ್ವರಿಗೂ. ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬಂದು ಮಾಮ ಮೇಜಿನ ಮೇಲೆ ಪೇಪರ್ ಹರಡಿ, ಗುಂಡು ತೆಗೆದಿಟ್ಟು, ಅದನ್ನು ಒರೆಸಲು ಕೂರುತ್ತಿದ್ದರು. ಕ್ಯಾನಿಗಾಗಿ ಗಂಡಹೆಂಡತಿಗೆ ಸಣ್ಣ ಜಗಳ. ಮಾಮನ ಅಂಗಿಗಳಿಗೆ, ಕೈಗೆ, ಕುರ್ಚಿಗೆ ಆ ವಾಸನೆ ಅಂಟಿಕೊಂಡಿತ್ತು. ಸೆಂಟ್ ಹಾಕಿದರೂ ಹೋಗುತ್ತಿರಲಿಲ್ಲ.

ಅಡಗಿಸಿದ ರಿವಾಲ್ವರ್ ಎಂದು ಹೆಸರಿಗೆ ಮಾತ್ರ, ಇಡೀ ಇಗರ್ಜಿಗೆ ಅದು ಗೊತ್ತಿತ್ತು. ಮಾಮ ಕೊನೆಯ ಬೆಂಚಿನಲ್ಲಿ ಬಲಬದಿ ಗೋಡೆಗೆ ತಾಗಿಯೇ ಕೂರುವುದು, ಎಷ್ಟು ಸೆಕೆಯಿದ್ದರೂ ಶರ್ಟಿನ ಅಂಚನ್ನು ಕೆಳಗೆ ಎಳೆಯುವುದು, ಇದನ್ನೆಲ್ಲ ನೋಡಿ ಗೊತ್ತಾಗದಿರಲು ಜನ ಕುರುಡರೇ? ಮಕ್ಕಳಾದ ನಮಗೆ ಗೊತ್ತಿದ್ದದ್ದು ಒಂದೇ ನಿಯಮ: ಮಾಮನ ಬಲಬದಿಗೆ ಹೋಗಬಾರದು. ಮರೆತು ಆ ಕಡೆಯಿಂದ ಓಡಿಹೋದರೆ, ಯಾರೊಡನೆಯೋ ಆಡುತ್ತಿದ್ದ ಮಾತು ನಿಲ್ಲಿಸದೆಯೇ ನಮ್ಮ ಭುಜ ಹಿಡಿದು ಮೆಲ್ಲನೆ ಎಡಕ್ಕೆ ದಾಟಿಸುತ್ತಿದ್ದರು. ಕ್ರಿಸ್ಮಸ್ಸಿಗೆ ಅಪ್ಪಿಕೊಳ್ಳುವುದೂ ಎಡ ಭುಜದಿಂದ ಮಾತ್ರ. ಮಾಮಿ ನಡೆಯುತ್ತಿದ್ದುದೂ ಎಡಕ್ಕೇ.

ಇದೇ ಮಾಮ ಒಂದು ಕಾಲದಲ್ಲಿ ನಮ್ಮ ಇಡೀ ಕುಟುಂಬದ ಡ್ಯಾನ್ಸರ್. ಮದುವೆ ಹಾಲಿನಲ್ಲಿ ಬ್ಯಾಂಡ್ ಶುರುವಾದರೆ ಮೊದಲು ಮಾಮಿಯ ಕೈ ಹಿಡಿದು ಎಬ್ಬಿಸುವವರು ಅವರು. ಅವರ ಡ್ಯಾನ್ಸ್ ನೋಡಿಯೇ ಮದುವೆಯಾಗಲು ಒಪ್ಪಿದ್ದು ಎಂದು ಮಾಮಿ ಹೇಳುತ್ತಿದ್ದರು. ರಿವಾಲ್ವರ್ ಬಂದ ಮೇಲೆ ಅದೆಲ್ಲ ನಿಂತುಹೋಯಿತು. ಸೊಂಟದಲ್ಲಿ ಅದನ್ನು ಇಟ್ಟುಕೊಂಡು ಯಾರು ಕುಣಿಯುತ್ತಾರೆ? ಮಾಮ ಗೋಡೆಯ ಹತ್ತಿರ ಕುರ್ಚಿ ಎಳೆದು ಕೂರುವುದು, ಮಾಮಿ ಪಕ್ಕದಲ್ಲಿ ಕೂತು ಕಾಲ ಬೆರಳಲ್ಲಿ ತಾಳ ಹಾಕುವುದು.

ಆದರೆ ದೇವರು ಒಂದು ದಾರಿ ಇಟ್ಟಿದ್ದ, ಚುನಾವಣೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರು ಕೋವಿ, ರಿವಾಲ್ವರ್ ಎಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು, ಮತ ಎಣಿಕೆ ಮುಗಿಯುವವರೆಗೆ ಅದು ಅಲ್ಲೇ. ಮೊದಮೊದಲು ಮಾಮನಿಗೆ ಕೈಕಾಲು ಬಿದ್ದ ಹಾಗೆ ಆಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಬೇರೆಯೇ ಮನುಷ್ಯ. ಇನ್‌ಶರ್ಟ್ ಮಾಡುವುದೇನು, ಮಧ್ಯಾಹ್ನ ಗೊರಕೆ ಹೊಡೆಯುವುದೇನು, ಹಾಡುವುದೇನು. ನಮ್ಮ ಮಾಮಿಯಷ್ಟು ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಇಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಯಾವ ಪಕ್ಷ ಗೆದ್ದರೂ ಅವರಿಗೆ ಒಂದೇ. ಪಂಚಾಯತಿದಾಗಲಿ ಪಾರ್ಲಿಮೆಂಟಿನದಾಗಲಿ, ಚುನಾವಣೆ ಬಂದರೆ ಸಾಕು. ಸರ್ಕಾರ ಅಲ್ಲಾಡುತ್ತಿದೆ ಎಂದು ಟಿವಿಯಲ್ಲಿ ಬಂದರೆ ಕೈಯಲ್ಲಿ ಜಪಮಾಲೆ.

ನನ್ನ ಮದುವೆ ಈಸ್ಟರ್ ಕಳೆದು ಒಂದು ಚುನಾವಣೆಯ ನಡುವೆಯೇ ಬಿತ್ತು. ಹಾಲ್ ಸಿಕ್ಕಿದ್ದು ಆ ದಿನಕ್ಕೆ ಎಂದು ಅಮ್ಮ ಹೇಳುತ್ತಿದ್ದರು, ಮಾಮಿ ಅಮ್ಮನ ತಲೆ ತಿಂದು ಆ ದಿನವೇ ಗೊತ್ತುಮಾಡಿಸಿದ್ದು ಎಂದು ನನ್ನ ಗುಮಾನಿ. ಮಾಮ ಅಂದು ಕುಣಿದರು. ಮೊದಲು ನನ್ನೊಡನೆ, ಆಮೇಲೆ ಮಾಮಿಯೊಡನೆ. ಮಾಮಿ ಅವರ ಬಲ ಸೊಂಟದ ಮೇಲೆ ಕೈ ಇಟ್ಟು ಕುಣಿದದ್ದು ನನ್ನ ಮದುವೆಯ ವಿಡಿಯೋದಲ್ಲಿ ಈಗಲೂ ಇದೆ. ಮದುಮಗಳಿಗಿಂತ ಹೆಚ್ಚು ಖುಷಿ ಅವರ ಮುಖದಲ್ಲಿ.

ನಾವು ಇಲ್ಲಿ ನೆಲೆನಿಂತ ಮೇಲೆ ಒಂದು ಚಳಿಗಾಲಕ್ಕೆ ಅವರಿಬ್ಬರನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆವು. ರಿವಾಲ್ವರ್ ಸ್ಟೇಷನ್ನಿನಲ್ಲಿ ಇಟ್ಟು ಬಂದಿದ್ದರು. ಬಂದ ಹೊಸತರಲ್ಲಿ ಮಾಮನ ಕೈ ಮಾತುಮಾತಿಗೆ ಸೊಂಟಕ್ಕೆ ಹೋಗುವುದು, ಖಾಲಿ ಎಂದು ಗೊತ್ತಾದಾಗ ಬೆಲ್ಟ್ ಸರಿಮಾಡಿದ ಹಾಗೆ ನಟಿಸುವುದು. ಒಂದು ಶುಕ್ರವಾರ ಅಲ್ ಅಜೀಜಿಯಾದಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆವು. ಮಾಮ ಮೂಲೆಯ ಗ್ರೋಸರಿಯಿಂದ ಮೊಸರು ತರುತ್ತೇನೆಂದು ಹೊರಟವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಅಂಗಡಿಯ ಎದುರು ಒಂದು ದೊಡ್ಡ ಬಿಳಿ ಕಾರು, ಇಂಜಿನ್ ಓಡುತ್ತಿದೆ, ಒಳಗೆ ಯಾರೂ ಇಲ್ಲ. ಪಕ್ಕದಲ್ಲಿ ಮೊಸರಿನ ಡಬ್ಬ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು ಮಾಮ ಕಾವಲು ನಿಂತಿದ್ದಾರೆ.

"ಯಾರೋ ಕೀಲಿ ಬಿಟ್ಟು ಹೋಗಿದ್ದಾರೆ ಮಗಾ. ಯಾರಾದ್ರೂ ಹೊಡ್ಕೊಂಡು ಹೋದ್ರೆ?"

ಇಲ್ಲಿ ಎಲ್ಲರೂ ಹಾಗೆಯೇ ಮಾಮ, ಬೇಸಗೆಯ ಎಸಿ ಅಭ್ಯಾಸ, ಚಳಿಯಲ್ಲೂ ಬಿಟ್ಟು ಹೋಗುತ್ತಾರೆ ಎಂದು ನಾನು ಹೇಳುವಷ್ಟರಲ್ಲಿ ಕಾರಿನ ಯಜಮಾನರೇ ಬಂದರು, ಕತಾರಿನವರು, ಬಿಳಿ ನಿಲುವಂಗಿಯ ಹಿರಿಯರು. ವಿಷಯ ತಿಳಿದಾಗ ನಕ್ಕುಬಿಟ್ಟರು. "ಯಲ್ಲಾ ಬಾಬಾ, ಚಾಯ್" ಎಂದು ಮಾಮನ ಬಲಭುಜಕ್ಕೆ ಕೈ ಹಾಕಿ ಪಕ್ಕದ ಕರಕ್ ಚಹಾದ ಅಂಗಡಿಗೆ ನಡೆಸಿಕೊಂಡೇ ಹೋದರು. ಆ ಬದಿಯಿಂದ ಇನ್ನೊಬ್ಬರು ಅವರನ್ನು ಮುಟ್ಟಿದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಾಮ ಒಮ್ಮೆ ಬೆಚ್ಚಿದರು. ಆಮೇಲೆ ಸಣ್ಣ ಮಗುವಿನ ಹಾಗೆ ಅವರ ಜತೆ ಹೋಗಿ ಚಹಾ ಕುಡಿದರು.

ಅದರ ನಂತರ ಸಂಜೆಗಳೆಲ್ಲ ಕಾರ್ನಿಶ್‌ನಲ್ಲಿ. ಸಮುದ್ರದ ಬದಿಯಲ್ಲಿ ಇಬ್ಬರೂ ಮುಂದೆ ನಡೆಯುವುದು, ನಾನು ಹಿಂದೆ. ಮಾಮಿ ಬಲಕ್ಕೆ. ಊರಿಗೆ ಹೊರಡುವ ಮೊದಲು ಅಲ್ಲೇ ಒಂದು ಬೆಂಚಿನಲ್ಲಿ ಮಾಮಿ ಕೇಳಿದ್ದನ್ನು ನಾನು ಕೇಳಿಸಿಕೊಂಡೆ. "ಇನ್ನು ಅದು ಸ್ಟೇಷನ್ನಿನಲ್ಲೇ ಇರಲಿ. ಬೇಡ ಅಂತ ಬರ್ದು ಕೊಟ್ಟುಬಿಡಿ. ಇಷ್ಟು ವರ್ಷ ಆಯ್ತು, ಯಾರೂ ಬರಲಿಲ್ಲ." ಮಾಮ ಸಮುದ್ರ ನೋಡುತ್ತಾ ಕೂತಿದ್ದರು. ಅತ್ತ ನೋಡುತ್ತಲೇ, "ಆಯ್ತು" ಎಂದರು.

ಊರಿಗೆ ಹೋಗಿ ಕೆಲವು ದಿನಕ್ಕೆ ಅವರ ಬೀದಿಯಲ್ಲೇ ಯಾರದೋ ಕರಿಮಣಿ ಸರ ಎಳೆದುಕೊಂಡು ಹೋದರಂತೆ. ನಾನು ಫೋನ್ ಮಾಡಿ ರಿವಾಲ್ವರ್ ಏನಾಯ್ತು ಎಂದು ಕೇಳಿದಾಗ ಮಾಮಿ ಹೇಳಿದ್ದು ಒಂದೇ ಶಬ್ದ: "ತಂದ್ರು."

ಮಾಮ ಅದನ್ನು ಕೊನೆಯವರೆಗೂ ಒಬ್ಬರ ಮೇಲೂ ಎತ್ತಲಿಲ್ಲ. ಅದು ಇದ್ದ ಕಾರಣವೇ ಯಾರೂ ಬರಲಿಲ್ಲ ಎಂದು ಅವರು ವಾದಿಸುತ್ತಿದ್ದರು. ಇರಲೂಬಹುದು, ಹೌದೋ ಅಲ್ಲವೋ ನಾನು ಹೇಗೆ ಹೇಳಲಿ? ಹೋದದ್ದು ಹೃದಯಾಘಾತದಿಂದ. ಸುದ್ದಿ ಸಿಕ್ಕಿ ನಾನು ಸಿಕ್ಕಿದ ವಿಮಾನ ಹತ್ತಿ ಹೋದೆ. ಇಗರ್ಜಿಯಲ್ಲಿ ಪೆಟ್ಟಿಗೆಯೊಳಗೆ ಮಾಮ, ಮೈಗೆ ಸರಿಯಾಗಿ ಕೂತ ಕೋಟಿನಲ್ಲಿ. ಎಡಗಡೆ ನಿಂತಿದ್ದ ಮಾಮಿ ಪೆಟ್ಟಿಗೆ ಮುಚ್ಚುವ ಮೊದಲು ಸುತ್ತಿಕೊಂಡು ಬಲಬದಿಗೆ ಬಂದರು. ಕೋಟಿನ ಮೇಲೆ, ಸೊಂಟದ ಹತ್ತಿರ ಅಂಗೈ ಇಟ್ಟು ಹಾಗೆಯೇ ನಿಂತುಕೊಂಡರು. ಪಾದ್ರಿಗಳು ಕಾದರು, ಜನ ಕಾದರು. ನಾನು ಅಂದು ಅತ್ತಷ್ಟು ನನ್ನ ಅಮ್ಮ ಹೋದಾಗಲೂ ಅತ್ತಿರಲಿಲ್ಲ.

ಟೈಲರ್ ಬಟ್ಟೆಗೆ ಗೆರೆ ಹಾಕಲು ಸೀಮೆಸುಣ್ಣ ಎತ್ತಿದ್ದ. "ರುಕೋ ಭಾಯ್, ನಾಳೆ ಬರ್ತೇನೆ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿ ಬಟ್ಟೆ ವಾಪಸ್ ತೆಗೆದುಕೊಂಡೆ.

ಮೇಲೆ ಹೋದರೆ ನಮ್ಮವರು ಇನ್ನೂ ಕನ್ನಡಿಯ ಮುಂದೆಯೇ. ಕೈಯಲ್ಲಿ ಹೊಸ ರಟ್ಟು, ಮೊದಲಿನದಕ್ಕಿಂತ ಚಿಕ್ಕದು. ಬಲ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇವರ ಎಡಕಿವಿ ಮಂದ, ಹಾಗಾಗಿ ಬಲಬದಿ ನನ್ನದು. ನಡೆಯುವಾಗ, ಊಟಕ್ಕೆ ಕೂರುವಾಗ, ಮಲಗುವಾಗ, ಮದುವೆಯಾದಂದಿನಿಂದ ನಾನು ಇರುವುದೇ ಅಲ್ಲಿ.

"ಕಾಣ್ತದಾ?"

"ಕಾಣ್ತದೆ."

ಅದನ್ನು ತೆಗೆದು ಇನ್ನೂ ಚಿಕ್ಕದೊಂದನ್ನು ಇಟ್ಟುಕೊಂಡರು. "ಈಗ?"

"ಈಗಲೂ ಕಾಣ್ತದೆ."

"ಎಂತ ಮಾರಾಯ್ತಿ, ಇದಕ್ಕಿಂತ ಸಣ್ಣದು ಯಾರೂ ಮಾಡುವುದೇ ಇಲ್ಲ." ರಟ್ಟನ್ನು ಕಿತ್ತು ಮಂಚದ ಮೇಲೆ ಎಸೆದು, ಎರಡೂ ಕೈ ಎತ್ತಿ ನಿಂತರು. "ಈಗ? ಈಗ ಏನೂ ಇಲ್ಲ ನೋಡು."

"ಈಗಲೂ ಸ್ವಲ್ಪ ಕಾಣ್ತದೆ."

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಮಂಚದ ಅಂಚಿನಲ್ಲಿ ಕೂತರು. "ನನಗೆ ಹೆದರಿಕೆ ಆಗ್ತದೆ," ಎಂದರು. ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಅವರ ಬಲಕ್ಕೆ ಹೋಗಿ ಕೂತೆ. ನನಗೂ ಆಗುತ್ತದೆ ಎಂದೆ. ಸುಳ್ಳಲ್ಲ. ಆ ಖಾಲಿ ಸೈಟುಗಳನ್ನು, ಯಾರ ಪರಿಚಯವೂ ಇಲ್ಲದ ಆ ಬೀದಿಯನ್ನು ನೆನೆದು ನಾನೂ ಎಷ್ಟೋ ದಿನದಿಂದ ಹೆದರುತ್ತಿದ್ದೆ. ನಾನು ರಟ್ಟು ಕತ್ತರಿಸಲಿಲ್ಲ, ಅಷ್ಟೇ ವ್ಯತ್ಯಾಸ.

"ಯಾರಾದ್ರೂ ಬಂದ್ರೆ ಎಂತ ಮಾಡುವುದು?" ಎಂದು ಕೇಳಿದರು.

ಇದಕ್ಕೆ ಮಾಮನ ಹತ್ತಿರ ಒಂದು ಉತ್ತರ ಇತ್ತು.

"ಬಂದ್ರೆ ಇಬ್ಬರೂ ಒಟ್ಟಿಗೆ ಹೆದರುವ," ಎಂದೆ.

ಕರಕ್ ಕುಡಿದು ಬರುವ ಎಂದು ಅವರೇ ಎದ್ದರು. ಶರ್ಟನ್ನು ಪ್ಯಾಂಟಿನೊಳಗೆ ತೂರಿಸಿಕೊಂಡರು. ದಾರಿಯಲ್ಲಿ ಟೈಲರ್ ಅಂಗಡಿಯಲ್ಲಿ ಬಟ್ಟೆ ಕೊಟ್ಟು, ಹಳೆಯ ಅಳತೆಯೇ ಸಾಕು ಎಂದೆವು. ಅವರು ಲೈಸೆನ್ಸಿನ ಯೋಚನೆ ಬಿಟ್ಟರೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ, ಮಾಮನೂ ಆಯ್ತು ಎಂದವರೇ. ಆದರೆ ರಸ್ತೆ ದಾಟುವಾಗ ನಾನು ಅವರ ಸೊಂಟಕ್ಕೆ ಕೈ ಹಾಕಿಕೊಂಡೆ, ಬಲಬದಿಯಿಂದ.