ಸೌಟಕ್ಕ ಕೂತಳು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುವವರಿಗೂ ಕೂತು ಉಣ್ಣಲು ಒಂದು ಬೆಂಚು ಬೇಕು ಅಂತ ಗೇಟಿನೆದುರು ಧರಣಿ ಕೂತು, ಮ್ಯಾನೇಜರನ ಬೆವರಿಳಿಸಿ, ಬೆಂಚು ಹಾಕಿಸಿಕೊಂಡವಳು ಸೌಟಕ್ಕ. ಆ ಬೆಂಚಿನ ಮೇಲೆ ಒಂದು ದಿನವೂ ಕೂರದವಳೂ ಅವಳೇ. ಅನ್ನದ ಪಾತ್ರೆಯ ಪಕ್ಕ ನಿಂತು, ಬಡಿಸುವ ನಡುವೆ ಒಂದೊಂದು ತುತ್ತು ಬಾಯಿಗೆ ಹಾಕಿಕೊಂಡೇ ಅವಳ ಸರ್ವೀಸು ಮುಗಿಯಿತು. ನಿವೃತ್ತಿಯಾದ ಮೇಲೂ ಮಧ್ಯಾಹ್ನದ ಸೈರನ್ ಕೂಗಿದರೆ ಕಾಲು ನಿಲ್ಲುತ್ತಿರಲಿಲ್ಲ. "ಸುಮ್ನೆ ನೋಡ್ಕೊಂಡು ಬರ್ತೀನಿ" ಅಂತ ಹೋಗಿ ಸೌಟು ಹಿಡಿಯುತ್ತಿದ್ದಳು.

ಬಸ್ ಓಡಿಸುವ ಮಗಳಿಗೆ ರೇಗಿಹೋಯಿತು.

"ಒಂದೂಟ, ಒಂದೇ ಒಂದೂಟ, ಮೊದಲಿಂದ ಕೊನೆವರೆಗೆ ಏಳದೆ ಉಂಡು ತೋರ್ಸಮ್ಮ. ಗೆದ್ರೆ ನಾನು ಬಾಯಿ ಮುಚ್ಕೋತೀನಿ. ಎದ್ದೆಯೋ, ಆ ಕ್ಯಾಂಟೀನ್ ಕಡೆ ತಲೆ ಹಾಕಿಯೂ ಮಲಗಬಾರ್ದು."

"ಆಗಲಿ, ಅದೇನು ಮಹಾ."

"ಮನೇಲಲ್ಲ. ಇಲ್ಲಾದ್ರೆ ಉಪ್ಪು ತರೋಕೆ ಅಂತ ಹತ್ತು ಸಲ ಏಳ್ತೀಯ."

ಮಗಳು ತನ್ನ ದಾರಿಯಲ್ಲಿದ್ದ ಜಪಾನಿ ಹೋಟೆಲಿನ ಮುಂದೆ ಅವ್ವನನ್ನು ಇಳಿಸಿ, "ಡ್ಯೂಟಿ ಮುಗಿಸಿ ಬರ್ತೀನಿ. ನಿನ್ನ ಮಾತೇ ಸಾಕ್ಷಿ" ಅಂತ ಬಸ್ಸು ಬಿಟ್ಟಳು.

ಗಡ್ಡ ನೆರೆತ ಸಪ್ಲೈಯರ್ ಕುರ್ಚಿ ಎಳೆದು ಕೂರಿಸಿದ. ಸುತ್ತಿಟ್ಟ ಬಿಸಿ ಒದ್ದೆ ಬಟ್ಟೆಯೊಂದನ್ನು ಪುಟ್ಟ ತಟ್ಟೆಯಲ್ಲಿ ತಂದಿಟ್ಟ. ಸೌಟಕ್ಕನ ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಮೇಜನ್ನು ಮೂಲೆಮೂಲೆ ಬಿಡದೆ ಒರೆಸಿತು. ಅವನು ಹುಬ್ಬೂ ಅಲ್ಲಾಡಿಸದೆ ಇನ್ನೊಂದು ತಂದ. ಅದರಲ್ಲಿ ಕೂತಲ್ಲೇ ಬಗ್ಗಿ ಮೇಜಿನ ಕಾಲು ಒರೆಸಿದಳು. ಮತ್ತೊಂದು ತಂದವನು ಬಟ್ಟೆಯನ್ನು ಅವಳ ಅಂಗೈಯಲ್ಲೇ ಇಟ್ಟು ಮೆಲ್ಲಗೆ ಹೇಳಿದ:

"ಅಮ್ಮಾ, ಮೇಜು ನಾನೇ ಒರೆಸಿದೀನಿ. ಇದು ನಿಮ್ಮ ಕೈಗೆ."

"ಮೊದ್ಲೇ ಹೇಳೋದಲ್ವೇನಪ್ಪಾ! ಬಿಟ್ಟಿದ್ರೆ ನಿನ್ನ ನೆಲಾನೂ ಒರೆಸ್ತಿದ್ದೆ."

ಇಬ್ಬರೂ ನಕ್ಕರು.

ಮುಚ್ಚಳವಿದ್ದ ಬಟ್ಟಲಲ್ಲಿ ಸಾರು, ಸುಟ್ಟ ಮೀನು, ಅನ್ನ ಬಂದವು. ಉಣ್ಣುವ ಜೋಡಿ ಕಡ್ಡಿಗಳ ಪಕ್ಕ ಒಂದು ಚಮಚವೂ ಇತ್ತು, ಕೇಳುವ ಮೊದಲೇ. ಅನ್ನ ನಾಲಗೆ ಸುಟ್ಟಿತು. ತನ್ನ ಪಾಲಿನ ಅನ್ನವೂ ಸುಡುತ್ತದೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು. ಊದಿ ಊದಿ, ಮುಳ್ಳು ಬಿಡಿಸಿ, ಚಪ್ಪರಿಸಿಕೊಂಡು ತಿಂದಳು. ಟೀ ಕಪ್ಪು ತಳ ಕಾಣುವ ಮೊದಲೇ ತುಂಬುತ್ತಿತ್ತು. "ಕೈ ಚಾಚೋವರೆಗೆ ಕಾಯಲ್ಲ ಇವನು, ಬಾಯಿ ನೋಡಿ ಬಡಿಸ್ತಾನೆ," ಅಂದುಕೊಂಡಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿನ ಮಗುವೊಂದು ಸಾರಿನ ಬಟ್ಟಲು ಕೆಡವಿತು. ಸೌಟಕ್ಕನ ಕುಂಡಿ ಆಗಲೇ ಕುರ್ಚಿ ಬಿಡುವುದರಲ್ಲಿತ್ತು. ಬಟ್ಟೆ ಹಿಡಿದು ಓಡಿಬಂದ ಸಪ್ಲೈಯರ್ ಅವಳತ್ತ ಅಂಗೈ ಕೆಳಗೆ ಮಾಡಿ ತೋರಿಸಿದ: ಕೂತಿರಿ. ಕ್ಯಾಂಟೀನಿನಲ್ಲಿ ಅವಸರದ ಗಂಡಸರಿಗೆ ಅವಳು ತೋರಿಸುತ್ತಿದ್ದುದೂ ಅದೇ ಕೈ. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇಬಿಟ್ಟಳು.

ತಟ್ಟೆ ಖಾಲಿಯಾಯಿತು. ಉಳಿದದ್ದು ಟೀ ಮಾತ್ರ.

"ನಿನ್ನೂಟ ಆಯ್ತೇನಪ್ಪಾ?"

"ಇನ್ನೂ ಇಲ್ಲಮ್ಮ. ಒಳಗೆ ನಿಂತ್ಕೊಂಡೇ ಎರಡು ತುತ್ತು ಹಾಕ್ಕೋತೀನಿ. ಅಲ್ಲಿ ಕೂರೋಕೆ ಜಾಗ ಇಲ್ಲ, ಇಲ್ಲಿ ನಾವು ಕೂರಂಗಿಲ್ಲ."

ಸೌಟಕ್ಕನ ಕಣ್ಣು ಮಿಂಚಿತು. ಎತ್ತಿದ ಕಪ್ಪನ್ನು ಕೆಳಗಿಟ್ಟಳು.

"ಟೀ ಇರೋವರೆಗೂ ನನ್ನೂಟ ಮುಗಿದಿಲ್ಲ. ನೀನು ಇಲ್ಲಿ ಕೂತು ಉಣ್ಣೋವರೆಗೂ ನಾನು ಟೀ ಮುಟ್ಟಲ್ಲ."

ಗಿರಾಕಿಗಳೆಲ್ಲ ಹೋದರು. ಹೋಟೆಲಿನ ಒಡತಿ ಬಂದಳು. "ಅಮ್ಮಾ, ಸಂಜೆವರೆಗೆ ಬಾಗಿಲು ಹಾಕ್ತೀವಿ."

"ಹಾಕವ್ವಾ, ಇವನು ಇಲ್ಲಿ ಕೂತು ಉಣ್ಣೋವರೆಗೂ ಒಳಗೇ ಇರ್ತೀನಿ. ಸುರಿಯೋ ಮಳೇಲಿ ಗೇಟಿನ ಮುಂದೆ ಕೂತೋಳು ನಾನು. ನಿನ್ನ ಕುರ್ಚಿಗೆ ಮೆತ್ತೆ ಬೇರೆ ಇದೆ."

ಒಡತಿ ಅವಳನ್ನು ನೋಡಿದಳು, ಗಡಿಯಾರ ನೋಡಿದಳು, ಕೊನೆಗೆ ಸಪ್ಲೈಯರನತ್ತ ತಿರುಗಿ ನಕ್ಕುಬಿಟ್ಟಳು. "ಕೂತ್ಕೊಳಪ್ಪಾ. ಇವರು ಏಳೋ ಪೈಕಿ ಅಲ್ಲ. ಒಳಗಿರೋರನ್ನೂ ಕರಿ, ಇನ್ಮೇಲೆ ಎಲ್ರೂ ಇಲ್ಲೇ ಉಣ್ಣಿ."

ಡ್ಯೂಟಿ ಮುಗಿಸಿ ಬಂದ ಮಗಳು ಬಾಗಿಲಲ್ಲೇ ನಿಂತಳು. ಅವ್ವ ಕೂತೇ ಇದ್ದಳು. ಎದುರಿಗೆ ಸಪ್ಲೈಯರ್, ಪಕ್ಕದ ಮೇಜಿಗೆ ಅಡುಗೆಯವರಿಬ್ಬರು, ಎಲ್ಲರ ಮುಂದೆ ಹಬೆಯಾಡುವ ಅನ್ನ.

"ಸಾಕಮ್ಮ, ಸೋತೆ ನಾನು. ಏಳು, ಹೋಗೋಣ."

"ತಡಿಯೇ," ಅಂದಳು ಸೌಟಕ್ಕ, ಮುಟ್ಟದೆ ತಣ್ಣಗಾದ ಟೀ ಕಡೆ ಕೈ ತೋರಿಸುತ್ತ. "ಇವನಿನ್ನೂ ಮೀನು ಮುಗಿಸಿಲ್ಲ."