ಹಳದಿ ಇಟ್ಟಿಗೆಗಳು

ಎನಿಡ್ ಕ್ರೌಷಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದವಳು. ಸಾಲು ಮುರಿದು ನುಗ್ಗಿದರೆ ಸೌಟು ಎತ್ತಿ, "ಏನ್ರೋ, ದಂಗೆನಾ?" ಅನ್ನುವಳು. ಅವಳ ಮಾತಿಗೆ ನಕ್ಕು ಹೊಟ್ಟೆ ಹಿಡಿದುಕೊಂಡವರು, "ಈ ಹೆಂಗಸೇ ಒಂದು ದಂಗೆ ಮಾರಾಯ್ರೆ" ಅನ್ನುವರು. ಇಂಗ್ಲೆಂಡಿನ ನಮ್ಮ ಈ ಬಡಗಣ ಊರಿನಲ್ಲಿ ನಗೆಗೂ ಸಡಗರಕ್ಕೂ ಬಳಸುವಷ್ಟು ಆ ಪದ ಅಗ್ಗವಾಗಿತ್ತು.

ಕೆಲಸ ಬಿಟ್ಟ ಮೇಲೆ ಬೀದಿಯ ಮೂಲೆಯಲ್ಲಿ ಹೂವಿನ ಮಡಿ ಮಾಡಿದಳು. ಸುತ್ತ ಇಟ್ಟಿಗೆ, ಒಂದೊಂದರ ಮುಖಕ್ಕೂ ಹಳದಿ ಬಣ್ಣ. ಸಿಮೆಂಟು ಮಾತ್ರ ಹಾಕಲಿಲ್ಲ. ಪ್ರತಿ ವಸಂತದಲ್ಲಿ ಆ ಸಾಲನ್ನು ಒಂದು ಗೇಣು ಆಚೆ ಸರಿಸಿ ನಗರಸಭೆಯ ಹುಲ್ಲು ಕಬಳಿಸುವುದು ಅವಳ ಗುಟ್ಟು. ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಆಗಸ್ಟಿನ ಹೂವಿನ ಸ್ಪರ್ಧೆಯ ಚೀಟಿಯಲ್ಲಿ ವರ್ಷವೂ ಒಂದೇ ಸಾಲು ಬರೆಯುತ್ತಿದ್ದಳು: "ಬಣ್ಣಗಳ ದಂಗೆ."

ಈ ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ದಂಗೆಯೇ ಬಂತು. ಹೊರಗಿನಿಂದ ಬಂದು ನೆಲೆಸಿದವರನ್ನು ಓಡಿಸುತ್ತೇವೆಂದು ಕೂಗುತ್ತ ಬಂದ ಗುಂಪು ಮಡಿಯ ಇಟ್ಟಿಗೆಗಳನ್ನು ಕಿತ್ತು, ಎದುರಿನ ಕ್ಷೌರದಂಗಡಿಯ ಗಾಜಿಗೆ ಎಸೆಯಿತು. ಅಂಗಡಿ ಹೊರದೇಶದಿಂದ ಬಂದ ಕುರ್ದ್ ಜನಾಂಗದ ಹೇಮಿನ್‌ನದು. ಅವನು ಕೈಯಲ್ಲಿದ್ದ ಬಾಚಣಿಗೆ ಸಮೇತ ಹಿಂಬಾಗಿಲಿನಿಂದ ಓಡಿದ.

ಮರುದಿನ ಬೆಳಿಗ್ಗೆ ನಾವೆಲ್ಲ ಪೊರಕೆ ಹಿಡಿದು ಬೀದಿಗಿಳಿದೆವು. ಗಾಜಿನ ಚೂರುಗಳ ನಡುವೆ ಹಳದಿ ಇಟ್ಟಿಗೆಗಳು. ಎನಿಡ್ ಒಂದನ್ನು ಎತ್ತಿ ನೋಡಿ, ಅಲ್ಲೇ ಇಟ್ಟು, ಪೊರಕೆಯನ್ನು ಗೋಡೆಗೊರಗಿಸಿ ಮನೆಗೆ ಹೋದಳು.

ಮೂರು ದಿನ ಅವಳು ಅಂಗಡಿಯತ್ತ ತಲೆ ಎತ್ತಲಿಲ್ಲ. ಬುಧವಾರ ನಾನು ಹೋದಾಗ ಅಳಿದುಳಿದ ಚೆಂಡುಹೂವಿನ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದಳು.

"ನಾಳೆ ಸ್ಪರ್ಧೆಯವರು ಬರ್ತಾರಲ್ಲೇ?" ಎಂದೆ.

"ಬರಲಿ, ಹೋಗಲಿ. ನನ್ನ ಕೈಲಾಗಲ್ಲ ಕಣೇ. ಅವರ ಕೈಗೆ ಇಟ್ಟಿಗೆ ಕೊಟ್ಟವಳು ನಾನು. ಸಿಮೆಂಟು ಹಾಕು ಅಂತ ಗಂಡ ಸಾಯೋವರೆಗೂ ಹೇಳಿದ. ನನಗೆ ಗೇಣು ಜಾಗದ ಆಸೆ. ಆ ಹುಡುಗನಿಗೆ ಹೇಗೆ ಮುಖ ತೋರಿಸಲಿ?"

ಅಷ್ಟರಲ್ಲಿ ಕೈಗಾಡಿಯ ಸದ್ದು. ಹೇಮಿನ್. ಗಾಡಿಯಲ್ಲಿ ತೊಳೆದು ಒರೆಸಿದ ಇಟ್ಟಿಗೆಗಳು, ಮೇಲೊಂದು ಸಿಮೆಂಟು ಚೀಲ.

"ಆಂಟಿ, ನಿಮ್ಮವು. ಎರಡು ಮುರಿದಿವೆ."

ಎನಿಡ್ ಮಣ್ಣಿನ ಕೈ ನೋಡಿಕೊಳ್ಳುತ್ತ, "ತಪ್ಪಾಯ್ತು ಮಗಾ" ಎಂದಳು.

"ನೀವು ಎಸೆದ್ರಾ?"

"ಇಲ್ಲಪ್ಪ."

"ಅದೇ ಅಂದ್ಕೊಂಡೆ. ನೀವು ಎಸೆದಿದ್ರೆ ಗಾಜಿಗೆ ತಾಗ್ತಾನೇ ಇರಲಿಲ್ಲ."

ಅವಳು ನಗಲಿಲ್ಲ. ಬಕೆಟ್ಟು ಬೋರಲು ಹಾಕಿ ಕುಳಿತಳು. ಕಿತ್ತ ಗಿಡಗಳನ್ನು ಸ್ವಲ್ಪ ಹೊತ್ತು ನೋಡಿ, ಒಂದೊಂದಾಗಿ ಮತ್ತೆ ಮಣ್ಣಿಗೆ ಒತ್ತತೊಡಗಿದಳು. ಹೇಮಿನ್ ಸಿಮೆಂಟು ಕಲಸಿ, ಸಾಲಿನ ಗುರುತಿಗೆ ಗೂಟ ನೆಟ್ಟು ದಾರ ಕಟ್ಟಿ ಕೇಳಿದ: "ಇಲ್ಲೇ ಇಡಲಾ? ಇನ್ನು ಸರಿಸೋಕಾಗಲ್ಲ, ನೋಡಿ."

"ಇಲ್ಲೇ. ಸಾಕಾಯ್ತು."

ಅವಳು ಚಹಾ ತರಲು ಒಳಗೆ ಹೋದಾಗ ಅವನು ದಾರದ ಗೂಟ ಕಿತ್ತು ಒಂದು ಗೇಣು ಆಚೆಗೆ ನೆಟ್ಟ. ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ.

ಎನಿಡ್ ಹಿಂತಿರುಗಿದಳು. ದಾರವನ್ನು ಬಹಳ ಹೊತ್ತು ನೋಡಿದಳು. ಮುಂದಿನ ದಿನದ ಚೀಟಿಯಲ್ಲಿ ಅವಳು ಬರೆದದ್ದು ಹೂವಿನ ಹೆಸರುಗಳನ್ನಷ್ಟೇ. ಆದರೆ ಆ ಬುಧವಾರದ ಸಂಜೆ, ಚಹಾದ ಕಪ್ಪನ್ನು ಅವನ ಕೈಗೆ ಕೊಟ್ಟು, ದಾರವನ್ನು ಅಲ್ಲೇ ಬಿಟ್ಟಳು.