ಗಿಡ್ಡ ಪಟ್ಟಿಯ ಗುರುತ್ವ

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಪ್ರಯೋಗಶಾಲೆಯಲ್ಲಿ ಭೂಮಿ ಬಹಳ ಶಿಸ್ತಿನದು. ದಾರಕ್ಕೆ ಕಟ್ಟಿದ ಗುಂಡನ್ನು ತೂಗಿಬಿಟ್ಟು, ದಾರದ ಉದ್ದ ಅಳೆದು, ತೂಗಾಟದ ಸಮಯ ನೋಡಿ ಗುರುತ್ವ ಎಷ್ಟೆಂದು ಲೆಕ್ಕ ಹಾಕಬೇಕು. ಯಾರು ತೂಗಿದರೂ ಉತ್ತರ ಪುಸ್ತಕದಲ್ಲಿದ್ದ ಒಂಬೈನೂರಾ ಎಂಬತ್ತೇ. ಏಕೆಂದರೆ ಎಲ್ಲರೂ ಉತ್ತರ ಮೊದಲು ಬರೆದುಕೊಂಡು, ಅದಕ್ಕೆ ಹೊಂದುವ ಸಮಯವನ್ನು ಆಮೇಲೆ ತುಂಬುತ್ತಿದ್ದರು. ನಾವು ಕಂಡೂ ಕಾಣದಂತೆ ಸಹಿ ಹಾಕುತ್ತಿದ್ದೆವು.

ವಾರ್ಷಿಕ ಪರೀಕ್ಷೆಯ ದಿನ ಒಬ್ಬ ಹುಡುಗಿ ಸಾವಿರದ ಇಪ್ಪತ್ತು ಎಂದು ಬರೆದುಕೊಟ್ಟಳು. ಪಾರಿಶ್ವಾಡವೆಂಬ ಹಳ್ಳಿಯವಳು, ಖಾನಾಪುರಕ್ಕೆ ಬಂದು ರೈಲು ಹಿಡಿದು ಓದಲು ಬರುತ್ತಿದ್ದಳು. ಪಾಸಾದರೆ ಮುಂದಿನ ಓದು, ಇಲ್ಲದಿದ್ದರೆ ಮದುವೆ ಎಂದು ಅವಳ ಮನೆಯಲ್ಲಿ ಹೇಳಿದ್ದು ನನಗೂ ಗೊತ್ತಿತ್ತು.

"ಇಷ್ಟು ಹೆಂಗ ಬರತೈತಿ? ಇನ್ನೊಮ್ಮೆ ನೋಡವಾ," ಎಂದೆ.

"ಮೂರು ಸಲ ನೋಡೇನ್ರಿ ಮೇಡಂ. ಬಂದದ್ದ ಬರದೇನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಅವಳು ಫೇಲಾದಳು, ಮತ್ತೆ ಕಾಲೇಜಿಗೆ ಬರಲಿಲ್ಲ.

ಮರುವರ್ಷ ಸಾಮಾನು ತಪಾಸಣೆ ಮಾಡುವಾಗ ಆ ಮೇಜಿನ ಮೀಟರ್ ಪಟ್ಟಿ ಉಳಿದವಕ್ಕಿಂತ ಗಿಡ್ಡ ಕಂಡಿತು. ಪ್ರಯೋಗಶಾಲೆಯ ಹಳೆಯ ಸಿಪಾಯಿಯನ್ನು ಕೇಳಿದೆ.

"ತುದಿ ಸೀಳಿತ್ರಿ ಅಕ್ಕಾರ. ಅಷ್ಟು ಕತ್ತರಿಸಿ ಹಿತ್ತಾಳಿ ತಗಡು ಬಡದೇನ್ರಿ. ಹದಿನೈದು ವರ್ಷರ ಆಗಿರಬೇಕು," ಎಂದ.

ಮೊದಲಿನ ಅಂಕಿಗಳೆಲ್ಲ ತಗಡಿನಡಿ ಮುಚ್ಚಿಹೋಗಿದ್ದವು. ಮೂರು ಸೆಂಟಿಮೀಟರ್ ಅಲ್ಲಿ ಇರಲೇ ಇಲ್ಲ; ಅದರಲ್ಲಿ ಅಳೆದ ಉದ್ದವೆಲ್ಲ ಮೂರು ಹೆಚ್ಚು ತೋರಿಸುತ್ತಿತ್ತು. ಕಪಾಟಿನಿಂದ ಅವಳ ಹಾಳೆ ಹುಡುಕಿ ತೆಗೆದು, ಪ್ರತಿ ಉದ್ದದಲ್ಲೂ ಮೂರು ಕಳೆದು ಲೆಕ್ಕ ಹಾಕಿದೆ. ಒಂಬೈನೂರಾ ಎಂಬತ್ತೇ ಬಂತು. ಇಷ್ಟು ವರ್ಷಗಳಲ್ಲಿ ಆ ಮೇಜಿನ ಮೇಲೆ ನಿಜವಾಗಿ ಅಳೆದವಳು ಅವಳೊಬ್ಬಳೇ.

ಮರುದಿನವೇ ಪಟ್ಟಿ ಹಿಡಿದು ಪಾರಿಶ್ವಾಡಕ್ಕೆ ಹೋದೆ. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ಶೇಂಗಾ ಸುಲಿಯುತ್ತಿದ್ದವಳು ಗಡಬಡಿಸಿ ಎದ್ದು, "ಬರ್ರಿ ಮೇಡಂ, ಕುಂದರ್ರಿ," ಎಂದಳು. ನಾನು ಕೂರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದೇ ಎಂದೆ. ಅವಳು ಪಟ್ಟಿ ತೆಗೆದುಕೊಂಡು ತಗಡಿನ ಮೇಲೆ ಬೆರಳಾಡಿಸಿದಳು.

"ನೀವೂ ಅದ ಕಾಲೇಜಿನ್ಯಾಗ ಕಲತಿದ್ರಿ ಅಲ್ರಿ ಮೇಡಂ?"

"ಹೂಂ. ಹತ್ತು ವರ್ಷದ ಹಿಂದ ಅದ ಮೇಜಿನ ಮ್ಯಾಲ ಪರೀಕ್ಷೆ ಕೊಟ್ಟೇನಿ. ಇದ ಪಟ್ಟಿ."

"ನಿಮಗೆಷ್ಟು ಬಂದಿತ್ರಿ?"

ಅವಳು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಳು. ಆ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ ಸಿಕ್ಕಿತ್ತು.